ನಲ್ಲಿಗೆ ತಾಗುವ ಕಿಟಕಿ

ಮುಲುಂಡಿನ ಸೋದರಿಗೆ ನಮಸ್ಕಾರ.

ತಮ್ಮ ಕೋರಿಕೆಯಂತೆ ಹೆಸರನ್ನು ಪ್ರಕಟಿಸದೆ, ತಮ್ಮ ಪತ್ರಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ. ಹದಿನೆಂಟು ವರ್ಷ ಆರ್ಕಿಟೆಕ್ಟ್ ಆಗಿ ದುಡಿದು, ಅದರಲ್ಲಿ ಹೆಚ್ಚಿನ ಕಾಲವನ್ನು ವಸತಿ ಸಮುಚ್ಚಯಗಳ ವಿನ್ಯಾಸದಲ್ಲೇ ಕಳೆದ ತಮಗೆ ಸಂಸ್ಥೆಯು ಆ ವಿಭಾಗದ ಪೂರ್ಣ ಹೊಣೆಯನ್ನು ಒಪ್ಪಿಸಲು ಮುಂದಾಗಿದೆ. ಒಪ್ಪಿಕೊಳ್ಳಲು ತಮಗೆ ಎರಡು ಅಳುಕುಗಳಿವೆ. ಫ್ಲ್ಯಾಟುಗಳ ನಕ್ಷೆ ಬರೆಯುವುದು ಎಫ್‌ಎಸ್‌ಐ (ನಿವೇಶನದ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿ) ಲೆಕ್ಕವೇ ಹೊರತು ವಾಸ್ತುಶಿಲ್ಪವಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ ಎಂಬುದು ಮೊದಲನೆಯದು. ರಾತ್ರಿ ಹನ್ನೊಂದಾದರೂ ದೀಪ ಆರದ ಕಚೇರಿಯಲ್ಲಿ, ಎರಡೇ ವರ್ಷಕ್ಕೆ ಬಿಟ್ಟುಹೋಗುವ ಕಿರಿಯರ ನಡುವೆ, ಮುಖ್ಯಸ್ಥೆಯಾಗಿ ಏನು ತಾನೇ ಬದಲಿಸಬಲ್ಲೆ ಎಂಬುದು ಎರಡನೆಯದು.

ಮೊದಲನೆಯ ಮಾತನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಮುಂಬಯಿಯ ಕಂಬಾಲಾ ಹಿಲ್‌ನಲ್ಲಿ 1983ರಲ್ಲಿ ಪೂರ್ಣಗೊಂಡ ಕಾಂಚನಜುಂಗಾ ಕಟ್ಟಡದಲ್ಲಿರುವುದೂ ಫ್ಲ್ಯಾಟುಗಳೇ, ಒಟ್ಟು 32. ಮುಂಬಯಿಯಲ್ಲಿ ಗಾಳಿಯೂ ಸಮುದ್ರದ ನೋಟವೂ ಪಶ್ಚಿಮಕ್ಕೆ. ಇಳಿಹೊತ್ತಿನ ಬಿಸಿಲು, ಮಳೆಗಾಲದ ಇರಿಚಲು ಬರುವುದೂ ಅದೇ ದಿಕ್ಕಿನಿಂದ. ಹಳೆಯ ಬಂಗಲೆಗಳು ಕೋಣೆಗಳ ಸುತ್ತ ವರಾಂಡ ಹಾಕಿ ಇದನ್ನು ನಿಭಾಯಿಸುತ್ತಿದ್ದವು. ಕಾಂಚನಜುಂಗಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಆ ವರಾಂಡವನ್ನೇ ಎರಡಂತಸ್ತು ಎತ್ತರದ ಮೂಲೆಯ ತೋಟವಾಗಿಸಿ 28 ಮಹಡಿಗಳ ಗೋಪುರಕ್ಕೆ ಏರಿಸಿದರು. ಊರ ಮನೆಯ ಜಗಲಿಯಲ್ಲಿ ಕುಳಿತು ಮಳೆ ನೋಡಿದ ನಮಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅದು ಸಿರಿವಂತರ ಮನೆಯೆಂದು ಯಾರಾದರೂ ಆಕ್ಷೇಪಿಸಿದರೆ, ನವಿ ಮುಂಬಯಿಯ ಬೇಲಾಪುರದಲ್ಲಿ ಅವರೇ ಸಾಧಾರಣ ಆದಾಯದವರಿಗೂ ಮನೆಗಳನ್ನು ರೂಪಿಸಿದ್ದನ್ನು ನೆನಪಿಸಿ. ಎಂಟು ಮೀಟರ್ ಉದ್ದಗಲದ ಅಂಗಳದ ಸುತ್ತ ಏಳೇಳು ಮನೆಗಳು. ಪಕ್ಕದವರ ಗೋಡೆಯನ್ನು ಹಂಚಿಕೊಳ್ಳದಂತೆ ಕಟ್ಟಿದ್ದರಿಂದ, ಕುಟುಂಬ ಬೆಳೆದಂತೆ ಯಾರ ಅನುಮತಿಗೂ ಕಾಯದೆ ಮನೆಯನ್ನು ಬೆಳೆಸಬಹುದಿತ್ತು. ಮೂಲ ರೂಪವೇ ಗುರುತು ಸಿಗದಷ್ಟು ಬದಲಾದ ಮನೆಗಳು ಇಂದು ಅಲ್ಲಿ ಅನೇಕ ಇವೆ. ವಿನ್ಯಾಸ ಕೆಟ್ಟಿತೆಂದು ಕೆಲವರು ಮರುಗುತ್ತಾರೆ. ಅದು ಅಂದುಕೊಂಡಂತೆ ನಡೆಯಿತೆಂದೇ ನನ್ನ ಅಭಿಪ್ರಾಯ.

ಎರಡನೆಯ ಅಳುಕಿಗೆ ಉತ್ತರವಾಗಿ ನಮ್ಮ ಮನೆಯ ಸಂಗತಿಯೊಂದನ್ನೇ ಹೇಳಬೇಕು. ಚೆಂಬೂರಿನ ನಮ್ಮ ಹಳೆಯ ಸೊಸೈಟಿ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ, ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೂ ಹೊಸ ಫ್ಲ್ಯಾಟಿಗೆ ಹಾಲುಕ್ಕಿಸಿ ಒಳಬಂದೆವು. ಮರುದಿನ ಅಡುಗೆಮನೆಯ ಕಿಟಕಿಯನ್ನು ತೆರೆಯಹೋದರೆ, ಒಳಕ್ಕೆ ತೆರೆಯುವ ಅದರ ಕದ ಸಿಂಕಿನ ನಲ್ಲಿಗೆ ತಾಗಿ ನಾಲ್ಕು ಬೆರಳಿನಷ್ಟಕ್ಕೆ ನಿಂತಿತು. ಮೀನು ಹುರಿಯುವ ದಿನ ಹೊಗೆಯೆಲ್ಲ ಹಜಾರಕ್ಕೇ ಬರುತ್ತದೆ. ಹದಿನಾಲ್ಕು ಮಹಡಿ, ಮಹಡಿಗೆ ನಾಲ್ಕು ಮನೆ. ಐವತ್ತಾರು ಅಡುಗೆಮನೆಗಳಲ್ಲೂ ಇದೇ ಕಥೆ. ಸೊಸೈಟಿಯ ಸಭೆಗೆ ಬಂದಿದ್ದ, ಈ ಕಟ್ಟಡದ ನಕ್ಷೆ ಬರೆದ ಕಚೇರಿಯ ಕಿರಿಯ ಆರ್ಕಿಟೆಕ್ಟ್ ಒಬ್ಬರನ್ನು ವಿಚಾರಿಸಿದೆ. ಪೈಪುಗಳ ಡಕ್ಟಿಗೆ ಹತ್ತಿರವಾಗಲೆಂದು ಸಿಂಕನ್ನು ಸರಿಸಿದ ರಾತ್ರಿಯೇ ತನಗದು ಕಣ್ಣಿಗೆ ಬಿದ್ದಿತ್ತು, ಬೆಳಗಾದರೆ ನಕ್ಷೆ ಒಪ್ಪಿಸಬೇಕಿತ್ತು, ಆ ಹೊತ್ತಿನಲ್ಲಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತಿತ್ತು ಎಂದು ಆಕೆ ತಲೆ ತಗ್ಗಿಸಿ ಹೇಳಿದರು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಆದ್ದರಿಂದಲೇ ಕಚೇರಿಯ ರೀತಿನೀತಿ ಬೇರೆ, ವಿನ್ಯಾಸ ಬೇರೆ ಎಂದು ನಾನು ಒಪ್ಪಲಾರೆ. ಒಂದು ಬಂಗಲೆಯಲ್ಲಿ ತಪ್ಪಾದರೆ ಒಬ್ಬರ ಮನೆಯಲ್ಲಿ ತಪ್ಪಾಗುತ್ತದೆ. ತಾವು ಮಾಡುವ ಕೆಲಸದಲ್ಲಿ ಅದು ಮಹಡಿ ಮಹಡಿಗೂ ಏರುತ್ತದೆ, ಮತ್ತು ಅದನ್ನು ಮೊದಲು ಕಾಣುವುದು ದಿನವಿಡೀ ಆ ನಕ್ಷೆಯೊಂದಿಗೇ ಇರುವ ಕಿರಿಯರ ಕಣ್ಣು. ಹೊಣೆಯನ್ನು ವಹಿಸಿಕೊಳ್ಳಿ, ಆದರೆ ಷರತ್ತು ಹಾಕಿ ವಹಿಸಿಕೊಳ್ಳಿ. ನಕ್ಷೆಯ ಪರಿಶೀಲನೆ ಹಗಲು ಹೊತ್ತಿನಲ್ಲಿ, ಒಪ್ಪಿಸುವ ದಿನಕ್ಕೆ ಒಂದು ವಾರ ಮೊದಲೇ ಆಗಬೇಕು. ಅಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ತಾವು ಕೊನೆಗೆ. ಬಿಲ್ಡರ್ ಕೊನೆಗಳಿಗೆಯಲ್ಲಿ ಬದಲಾವಣೆ ಕೇಳಿದರೆ, ಅದಕ್ಕೆ ಬೇಕಾದ ದಿನಗಳನ್ನೂ ಹಣವನ್ನೂ ಅವರಿಂದಲೇ ಕೇಳಿ ಪಡೆಯುವುದು ಮುಖ್ಯಸ್ಥರ ಕೆಲಸ. ಅದನ್ನು ಹುಡುಗರ ನಿದ್ದೆಯಿಂದ ತುಂಬಿಸುವುದು ಅನ್ಯಾಯ.

ಬಾಲ್ಕನಿಯ ವಿಚಾರ ಬರೆದಿದ್ದೀರಿ. ಮನೆ ಕೊಳ್ಳುವವರ ರಕ್ಷಣೆಗಾಗಿ ಬಂದ 2016ರ ರೇರಾ ಕಾಯ್ದೆಯ ಕಾರ್ಪೆಟ್ ಏರಿಯಾದ (ಫ್ಲ್ಯಾಟಿನ ಒಳಗೆ ಬಳಸಲು ಸಿಗುವ ಜಾಗದ) ವ್ಯಾಖ್ಯೆಯಲ್ಲಿ ಬಾಲ್ಕನಿ ಸೇರುವುದಿಲ್ಲ. ಲೆಕ್ಕದ ಮೇಜಿನಲ್ಲಿ ಅದರ ಪರವಾಗಿ ಮಾತಾಡಲು ಆರ್ಕಿಟೆಕ್ಟ್ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲವೆಂಬ ತಮ್ಮ ಮಾತು ನಿಜ. ಹಪ್ಪಳ ಒಣಗಿಸುವುದಕ್ಕೂ ಮುದುಕರು ಸಂಜೆ ಕುಳಿತುಕೊಳ್ಳುವುದಕ್ಕೂ ಅಷ್ಟು ಜಾಗ ಬೇಕು, ಅದಕ್ಕಾಗಿ ತಾವು ಹಟ ಹಿಡಿಯಲೇಬೇಕು.

ಮುಂಬಯಿಯ ಹಳೆಯ ಬಿಡಿಡಿ ಚಾಳುಗಳ (ಒಂದೊಂದೇ ಕೋಣೆಯ ಮನೆಗಳ ವಠಾರಗಳ) 160 ಚದರಡಿ ಕೋಣೆಗಳಲ್ಲಿ ಬದುಕಿದವರನ್ನು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರನ್ನು, ಮನೆಯಲ್ಲಿ ಯಾವ ಜಾಗ ಹೇಗೆ ಬಳಕೆಯಾಗುತ್ತದೆಂದು ತಮ್ಮ ಕಿರಿಯರು ಹೋಗಿ ಕೇಳಬೇಕು. ಕಟ್ಟಡದಲ್ಲಿ ಜನ ವಾಸಕ್ಕೆ ಬಂದು ಒಂದು ಮಳೆಗಾಲ ಕಳೆದ ಮೇಲೆ, ಅದರ ನಕ್ಷೆ ಬರೆದವರನ್ನು ಸಂಬಳ ಸಹಿತ ಒಂದು ದಿನ ಅಲ್ಲಿಗೆ ಕಳುಹಿಸಿ. ಆರಂಭಕ್ಕೆ ತಮ್ಮ ಕಟ್ಟಡವೇ ಆಗಬೇಕೆಂದಿಲ್ಲ. ಯಾವುದಾದರೂ ಒಂದು ದಿನ ಬೆಳಗ್ಗೆ ಅವರನ್ನು ನಮ್ಮ ಮನೆಗೆ ಕರೆತನ್ನಿ. ನೀರ್‌ದೋಸೆ ಮಾಡಿಸುತ್ತೇನೆ, ಅವರು ಆ ಕಿಟಕಿಯನ್ನು ತಮ್ಮ ಕೈಯಾರೆ ತೆರೆದು ನೋಡಲಿ.