ಚೆನ್ನಾಗಿ ತಿಂದರೂ ಸೊರಗುವ ಬೆಕ್ಕು

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಹನ್ನೆರಡು ವರ್ಷ. ಆರು ತಿಂಗಳ ಹಿಂದೆ 4.2 ಕೆ.ಜಿ. ಇದ್ದದ್ದು ಈಗ 3.3 ಕೆ.ಜಿ.ಗೆ ಇಳಿದಿದೆ. ವಾರಕ್ಕೆ ಎರಡು ಮೂರು ಸಲ ವಾಂತಿ. ಹಸಿವು ಮಾತ್ರ ಮೊದಲಿಗಿಂತ ಜಾಸ್ತಿ, ರಾತ್ರಿಯೆಲ್ಲ ಕೂಗುತ್ತದೆ. ಜಂತುಹುಳುವಿನ ಮಾತ್ರೆ ಎರಡು ಸಲ ಕೊಟ್ಟಾಯಿತು. ‘ಕೂದಲು ನುಂಗಿದೆ, ವಯಸ್ಸೂ ಆಯ್ತು’ ಅನ್ನುತ್ತಾರೆ. ಏನು ಮಾಡಲಿ ಡಾಕ್ಟರೇ?
– ಓದುಗರು, ಸಾಗರ

ಉತ್ತರ: ವಯಸ್ಸಾಯಿತೆಂದು ಯಾವ ಬೆಕ್ಕೂ ಐದರಲ್ಲೊಂದು ಪಾಲು ತೂಕ ಕಳೆದುಕೊಳ್ಳುವುದಿಲ್ಲ. ಅರವತ್ತು ಕೆ.ಜಿ.ಯ ಮನುಷ್ಯ ಹನ್ನೆರಡು ಕೆ.ಜಿ. ಇಳಿದರೆ ನಾವು ಸುಮ್ಮನಿರುತ್ತೇವೆಯೇ? ತಿನ್ನುತ್ತಿದೆಯಲ್ಲ ಎಂಬ ಸಮಾಧಾನವೂ ಬೇಡ. ಹತ್ತು ದಾಟಿದ ಬೆಕ್ಕು ಹೆಚ್ಚು ತಿಂದೂ ಸೊರಗುತ್ತಿದ್ದರೆ ಮೊದಲ ಅನುಮಾನ ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಆಮೇಲೆ ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ. ಕಿಡ್ನಿ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹಸಿವು ತಗ್ಗುತ್ತದೆ; ಆದರೂ ಈ ವಯಸ್ಸಿನಲ್ಲಿ ಅದನ್ನೂ ನೋಡಲೇಬೇಕು.

ಒಂದೇ ಸಲ ರಕ್ತ ತೆಗೆಸಿ ಟೋಟಲ್ ಟಿ4 (ಥೈರಾಯ್ಡ್ ಹಾರ್ಮೋನಿನ ಮಟ್ಟ), ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್, ಯೂರಿಯಾ, ಜೊತೆಗೆ ಸಕ್ಕರೆ, ಲಿವರ್ ಎಲ್ಲ ನೋಡಿಸಿ. ಜೊತೆಗೆ ಮೂತ್ರ ಪರೀಕ್ಷೆ, ರಕ್ತದೊತ್ತಡ. ನಿಮಗೆ ಹತ್ತಿರದ್ದೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು.

ಊರಿನ ಲ್ಯಾಬ್‌ನಲ್ಲೇ ಮಾಡಿಸುವುದಾದರೆ ಒಂದು ಎಚ್ಚರ. ಅಲ್ಲಿ ವರದಿಯ ಪಕ್ಕದಲ್ಲಿ ಅಚ್ಚಾಗುವ ಮಿತಿ ಮನುಷ್ಯರದ್ದು, ಟಿ4ಗೆ ಸುಮಾರು 5ರಿಂದ 12 (ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ). ಬೆಕ್ಕಿನ ಗರಿಷ್ಠ ಮಿತಿ 4ರ ಆಸುಪಾಸು. ಹಾಗಾಗಿ 8 ಬಂದ ಬೆಕ್ಕಿಗೂ ‘ನಾರ್ಮಲ್’ ಎಂಬ ವರದಿ ಕೈಗೆ ಬರುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಸಂಖ್ಯೆಯನ್ನು ಪಶುವೈದ್ಯರೇ ನೋಡಬೇಕು.

ಥೈರಾಯ್ಡ್ ಎಂದೇ ಖಚಿತವಾದರೆ ಮೆಥಿಮಜೋಲ್ ಮಾತ್ರೆ, ಸಾಮಾನ್ಯವಾಗಿ 1.25ರಿಂದ 2.5 ಮಿ.ಗ್ರಾಂ., ದಿನಕ್ಕೆ ಎರಡು ಹೊತ್ತು, ಜೀವನಪರ್ಯಂತ. ಪ್ರಮಾಣವನ್ನು ವೈದ್ಯರು ಹೇಳಲಿ, ನೀವಾಗಿ ಶುರುಮಾಡಬೇಡಿ. ಎರಡು ಮೂರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ತಪ್ಪಿಸಬಾರದು. ಥೈರಾಯ್ಡ್ ಏರಿದ್ದಾಗ ಕಿಡ್ನಿಗೆ ರಕ್ತ ಜೋರಾಗಿ ಹರಿದು ಅದರ ದೌರ್ಬಲ್ಯ ಮುಚ್ಚಿಹೋಗಿರುತ್ತದೆ. ಮಾತ್ರೆಯಿಂದ ಥೈರಾಯ್ಡ್ ಹಿಡಿತಕ್ಕೆ ಬಂದ ಮೇಲೆ ಕ್ರಿಯೇಟಿನಿನ್ ಏರಿ ಅದು ಹೊರಬೀಳಬಹುದು. ಮುಖ ಕೆರೆದುಕೊಳ್ಳುವುದು, ವಾಂತಿ ಜಾಸ್ತಿಯಾಗುವುದು ಕಂಡರೆ ಕೂಡಲೇ ತಿಳಿಸಿ.

ಟಿ4, ಕಿಡ್ನಿ, ಸಕ್ಕರೆ ಎಲ್ಲ ಸರಿಯಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಕರುಳಿನ ಗೋಡೆ ದಪ್ಪಗಾಗಿದ್ದರೆ ಅದು ಉರಿಯೂತವೋ ನಿಧಾನ ಬೆಳೆಯುವ ಲಿಂಫೋಮಾ ಕ್ಯಾನ್ಸರೋ ಎಂದು ಸ್ಕ್ಯಾನಿಂಗ್‌ನಲ್ಲಷ್ಟೇ ತಿಳಿಯದು, ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ) ಬೇಕಾಗುತ್ತದೆ. ಹೆದರಬೇಡಿ, ಎರಡಕ್ಕೂ ಔಷಧಿ ಇದೆ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಮಗುವಿನ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನೀವು ಹೊತ್ತುಕೊಂಡು ನಿಂತು ಕಳೆಯುವ ಲೆಕ್ಕದಲ್ಲಿ ನೂರಿನ್ನೂರು ಗ್ರಾಂ ಕಣ್ತಪ್ಪುತ್ತದೆ. ವಾಂತಿಯ ಫೋಟೊ ತೆಗೆಯಿರಿ. ಹಾಲು ನಿಲ್ಲಿಸಿ.

ಪ್ರಶ್ನೆ: ಎರಡು ವರ್ಷದ ಗಂಡು ಬೆಕ್ಕು ನಿನ್ನೆಯಿಂದ ಏನೂ ತಿಂದಿಲ್ಲ, ನೀರು ಕುಡಿದರೂ ವಾಂತಿ. ಹೊಲಿಗೆ ದಾರದ ಜೊತೆ ಆಡುವ ಅಭ್ಯಾಸವಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಇದನ್ನು ಓದುತ್ತಿರುವ ಹೊತ್ತಿಗೂ ಹಾಗೇ ಇದ್ದರೆ ಈಗಲೇ ಆಸ್ಪತ್ರೆಗೆ ಹೊರಡಿ. ಕಚ್ಚದೆ ಬಿಟ್ಟುಕೊಟ್ಟರೆ ಬಾಯಿ ತೆರೆದು ನಾಲಿಗೆಯ ಬುಡ ನೋಡಿ, ದಾರ ಅಲ್ಲಿ ಸುತ್ತಿಕೊಂಡಿರುವುದುಂಟು. ಕಂಡರೂ ಎಳೆಯಬೇಡಿ: ಇನ್ನೊಂದು ತುದಿ ಕರುಳಿನಲ್ಲಿದ್ದು, ಎಳೆದರೆ ಕರುಳನ್ನೇ ಕೊಯ್ಯುತ್ತದೆ. ದಾರ ಸಿಗದಿದ್ದರೂ ಕಾಯಬೇಡಿ, ಎರಡು ಮೂರು ದಿನ ಉಪವಾಸವಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳತೊಡಗುತ್ತದೆ, ದಪ್ಪಗಿದ್ದರಂತೂ ಬೇಗ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಒಂದು ಮಾತ್ರೆಯೂ ಪ್ರಾಣಾಂತಿಕ.