ಮಧ್ಯಯುಗದ ನಾಟಕ ಅಳಿದ ಮೇಲೆಯೇ ಇಂಗ್ಲೆಂಡಿನ ನವೋದಯ ನಾಟಕ ಹುಟ್ಟಿತೇ?

ಮಧ್ಯಯುಗದ ಧಾರ್ಮಿಕ ನಾಟಕ ತಾನಾಗಿಯೇ ಸೊರಗಿ ಹೋದ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಮಾದರಿಗಳಿಂದ 16ನೆಯ ಶತಮಾನದ ಕೊನೆಯಲ್ಲಿ ಮಾರ್ಲೋ, ಷೇಕ್ಸ್‌ಪಿಯರರ ನಾಟಕ ಹೊಸದಾಗಿ ಹುಟ್ಟಿತೇ ಎಂದು ನೀವು ಕೇಳಿದ್ದೀರಿ. ಪಠ್ಯಪುಸ್ತಕಗಳು ಚರ್ಚು, ಬೀದಿ, ರಂಗಮಂದಿರ ಎಂದು ಒಂದೊಂದೇ ಮೆಟ್ಟಿಲು ಹತ್ತಿಸುವುದರಿಂದ ಹಾಗೆನ್ನಿಸುವುದು ಸಹಜ. ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

10ನೆಯ ಶತಮಾನದಲ್ಲಿ ವಿಂಚೆಸ್ಟರಿನ ಸನ್ಯಾಸಿಗಳು ಈಸ್ಟರ್ ಮುಂಜಾನೆಯ ಪೂಜೆಯ ನಡುವೆ ಕ್ರಿಸ್ತನ ಸಮಾಧಿಯ ಬಳಿಯ ದೇವದೂತನಾಗಿ, ಅಲ್ಲಿಗೆ ಬಂದ ಸ್ತ್ರೀಯರಾಗಿ ಲ್ಯಾಟಿನ್ ಸಂವಾದವನ್ನು ಹಾಡುತ್ತಿದ್ದರು ಎಂಬಲ್ಲಿಂದ ಈ ಕಥೆಯನ್ನು ಆರಂಭಿಸುವುದು ವಾಡಿಕೆ. ನಿಜವಾದ ಸ್ವಾರಸ್ಯವಿರುವುದು ಯಾರ್ಕ್ ನಗರದ ನಾಟಕಮಾಲೆಯಲ್ಲಿ. 1376ರಿಂದ ದಾಖಲೆಯಿರುವ ಈ ಉತ್ಸವದಲ್ಲಿ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ಪ್ರಸಂಗಗಳನ್ನು ಕಸುಬುದಾರರ ಸಂಘಗಳು ಹಂಚಿಕೊಂಡು, ಚಕ್ರದ ಬಂಡಿಗಳ ಮೇಲೆ ಬೀದಿಬೀದಿಯಲ್ಲಿ ಆಡುತ್ತಿದ್ದವು. ನೋಹನ ಹಡಗು ಕಟ್ಟುವ ಪ್ರಸಂಗ ಹಡಗಿನ ಬಡಗಿಗಳದು. ಕ್ರಿಸ್ತನ ಕೊನೆಯ ಭೋಜನ ರೊಟ್ಟಿ ಸುಡುವವರದು. ಸೂಜಿ, ಮೊಳೆಗಳನ್ನು ಮಾಡುವವರ ಪಾಲಿಗೆ ಬಂದದ್ದು ಶಿಲುಬೆಗೇರಿಸುವ ಪ್ರಸಂಗ. ಅದರಲ್ಲಿ ನಾಲ್ವರು ಸೈನಿಕರು ಕೂಲಿಯಾಳುಗಳಂತೆ ಗೊಣಗಿಕೊಂಡೇ ಕೆಲಸ ಮಾಡುತ್ತಾರೆ: ಮರದಲ್ಲಿ ಕೊರೆದ ತೂತುಗಳು ಅಳತೆಗೆ ಸರಿಯಾಗಿಲ್ಲ, ಆದ್ದರಿಂದ ಕೈಕಾಲುಗಳನ್ನೇ ಹಗ್ಗ ಕಟ್ಟಿ ಎಳೆಯುತ್ತಾರೆ, ಶಿಲುಬೆ ಎತ್ತುವಾಗ ಹೆಗಲು ನೋವೆನ್ನುತ್ತಾರೆ, ನೆಟ್ಟ ಕುಳಿ ಅಗಲವಾಯಿತೆಂದು ಬೆಣೆ ಹೊಡೆಯುತ್ತಾರೆ. ಕ್ರಿಸ್ತ ಮಾತನಾಡುವುದು ಎರಡೇ ಸಲ. ಇಷ್ಟು ಕ್ರೂರವಾದ, ಇಷ್ಟು ಸಲೀಸಾದ ಸಂಭಾಷಣೆ ಬರೆದವನ ಹೆಸರು ನಮಗೆ ಉಳಿದಿಲ್ಲ. ಇದನ್ನು ಓದಿದ ಮೇಲೂ ಮಧ್ಯಯುಗದ ನಾಟಕವನ್ನು ಬಾಲಿಶವೆನ್ನುವವರ ಬಗ್ಗೆ ನನಗೆ ಅಚ್ಚರಿಯಿದೆ.

ಪಾಪ, ಪುಣ್ಯಗಳೇ ಪಾತ್ರಗಳಾಗಿ ಬರುವ ನೀತಿನಾಟಕಗಳು 15ನೆಯ ಶತಮಾನದಲ್ಲಿ ಬೆಳೆದವು. ಅವುಗಳಲ್ಲೊಂದಾದ ‘ಮ್ಯಾನ್‌ಕೈಂಡ್’ನಲ್ಲಿ, ಟಿಟಿವಿಲಸ್ ಎಂಬ ದೆವ್ವ ರಂಗಕ್ಕೆ ಬರಬೇಕಾದರೆ ಪ್ರೇಕ್ಷಕರು ಮೊದಲು ದುಡ್ಡು ಹಾಕಬೇಕು. ಕಾಸಿಗಾಗಿ ಆಡುವ ಆಟ ರಂಗಮಂದಿರಗಳಿಗಿಂತ ಹಳೆಯದು.

ಲ್ಯಾಟಿನ್ ಮಾದರಿಯ ಪ್ರಭಾವವನ್ನು ನಾನು ಅಲ್ಲಗಳೆಯುತ್ತಿಲ್ಲ. 1562ರಲ್ಲಿ ಎಲಿಜಬೆತ್ ರಾಣಿಯ ಮುಂದೆ ಆಡಿದ ‘ಗಾರ್ಬೊಡಕ್’ ಎಂಬ ದುರಂತನಾಟಕ ಐದು ಅಂಕಗಳನ್ನೂ ಪ್ರಾಚೀನ ರೋಮಿನ ನಾಟಕಕಾರ ಸೆನೆಕಾನ ರೀತಿಯ, ಕಥೆಯ ಬಗ್ಗೆ ಮಾತನಾಡುವ ಮೇಳವನ್ನೂ ತಂದಿತು. ಇಂಗ್ಲಿಷ್ ನಾಟಕದಲ್ಲಿ ಪ್ರಾಸವಿಲ್ಲದ ಸರಳ ರಗಳೆ (ಬ್ಲ್ಯಾಂಕ್ ವರ್ಸ್) ಮೊದಲು ಕೇಳಿಬಂದದ್ದೂ ಅದರಲ್ಲೇ. ಕವಿ, ವಿಮರ್ಶಕ ಫಿಲಿಪ್ ಸಿಡ್ನಿ ಆ ನಾಟಕವನ್ನು ಮೆಚ್ಚಿ, ರಾಜರನ್ನೂ ವಿದೂಷಕರನ್ನೂ ಬೆರೆಸುವ, ಒಂದು ಪಕ್ಕ ಏಷ್ಯಾವನ್ನೂ ಇನ್ನೊಂದು ಪಕ್ಕ ಆಫ್ರಿಕಾವನ್ನೂ ತೋರಿಸುವ ಉಳಿದ ನಾಟಕಗಳನ್ನು ಗೇಲಿ ಮಾಡಿದ. ಪುಣ್ಯಕ್ಕೆ ಅವನ ಮಾತನ್ನು ರಂಗಭೂಮಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೆಯ ನಾಟಕ ಜನರಿಗೆ ಬೇಸರವಾಗಿ ನಿಂತದ್ದಲ್ಲ, ಕ್ಯಾಥೊಲಿಕ್ ಆಚರಣೆಗಳನ್ನು ಒಪ್ಪದ ಪ್ರೊಟೆಸ್ಟೆಂಟ್ ಅಧಿಕಾರಿಗಳು ಅದನ್ನು ನಿಲ್ಲಿಸಿದರು. ಯಾರ್ಕ್‌ನಲ್ಲಿ ಕೊನೆಯ ಪ್ರದರ್ಶನ ನಡೆದದ್ದು 1569ರಲ್ಲಿ. 1575ರಲ್ಲಿ ಚೆಸ್ಟರ್ ನಗರದವರು ಅಂಥದೇ ನಾಟಕಮಾಲೆ ಆಡಿಸಿದ್ದಕ್ಕೆ ಅಲ್ಲಿನ ಮೇಯರ್ ರಾಣಿಯ ಮಂತ್ರಿಪರಿಷತ್ತಿನ ಮುಂದೆ ಉತ್ತರ ಕೊಡಬೇಕಾಯಿತು. 1576ರಲ್ಲಿ ವೇಕ್‌ಫೀಲ್ಡ್ ನಗರದಲ್ಲಿ ದೇವರ ಪಾತ್ರವನ್ನು ರಂಗದ ಮೇಲೆ ತರಕೂಡದೆಂದು ಆಜ್ಞೆಯಾಯಿತು. ನಟ ಜೇಮ್ಸ್ ಬರ್ಬೇಜ್ ಲಂಡನ್ನಿನ ಶೋರ್ಡಿಚ್‌ನಲ್ಲಿ ‘ದಿ ಥಿಯೇಟರ್’ ಎಂಬ ರಂಗಮಂದಿರ ಕಟ್ಟಿದ್ದೂ ಅದೇ ವರ್ಷ. ಅಂದರೆ ಅಲ್ಲಿ ಸೇರಿದ ಪ್ರೇಕ್ಷಕರ ಪೈಕಿ ಹಳೆಯ ಆಟಗಳನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿರಲು ಯಾವ ಅಡ್ಡಿಯೂ ಇರಲಿಲ್ಲ.

ಆದ್ದರಿಂದಲೇ ಮಾರ್ಲೋನ ನಾಟಕದಲ್ಲಿ ಸೈತಾನನಿಗೆ ಆತ್ಮ ಮಾರಿಕೊಳ್ಳುವ ಡಾಕ್ಟರ್ ಫಾಸ್ಟಸ್‌ನ ಅಕ್ಕಪಕ್ಕದಲ್ಲಿ ಒಳ್ಳೆಯ ದೂತ, ಕೆಟ್ಟ ದೂತ ನಿಂತು ಜಗ್ಗಾಡುತ್ತಾರೆ, ಏಳು ಮಹಾಪಾಪಗಳು ಸಾಲಾಗಿ ಬರುತ್ತವೆ. ಷೇಕ್ಸ್‌ಪಿಯರನ ಮೂರನೆಯ ರಿಚರ್ಡ್ ತನ್ನನ್ನು ನೀತಿನಾಟಕದ ‘ವೈಸ್’ ಎಂಬ, ಜನರನ್ನು ಪಾಪಕ್ಕೆಳೆಯುವ ಕುಚೋದ್ಯದ ಪಾತ್ರಕ್ಕೆ ಹೋಲಿಸಿಕೊಳ್ಳುತ್ತಾನೆ. ದೇವರನ್ನು ರಂಗದಿಂದ ಇಳಿಸಿದರೂ ಸೈತಾನನಿಗೆ ಜಾಗ ಉಳಿದಿತ್ತೆನ್ನಬೇಕು. ಯಾರ್ಕ್‌ನ ಬಟ್ಟೆ ವರ್ತಕರ ಸಂಘ 1433ರಲ್ಲಿ ಬರೆಸಿಟ್ಟ ರಂಗಪರಿಕರಗಳ ಪಟ್ಟಿಯಲ್ಲಿ ‘ನರಕದ ಬಾಯಿ’ ಎಂಬ, ತೆರೆದ ಬಾಯಿಯ ಆಕಾರದ ನರಕದ್ವಾರವಿದೆ. 1598ರಲ್ಲಿ ಲಂಡನ್ನಿನ ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್ಲೋ ತನ್ನ ತಂಡಕ್ಕಾಗಿ ಮಾಡಿದ ಪಟ್ಟಿಯಲ್ಲೂ ಅದೇ ಇದೆ.