ನನ್ನ ಥಿಯೋರ್ಬೊದಲ್ಲಿ (ಉದ್ದ ಕತ್ತಿನ, ಮೀಟಿ ನುಡಿಸುವ ಯುರೋಪಿನ ಹಳೆಯ ತಂತಿವಾದ್ಯ) ಮೆಟ್ಟಿಲುಗಳ (ಬೆರಳಿಟ್ಟು ಒತ್ತುವ ಫ್ರೆಟ್‌ಗಳ) ಮೇಲಿನ ತಂತಿ 82 ಸೆಂ.ಮೀ. ಉದ್ದವಿದೆ. ಅದರ ಮೊದಲ ಎರಡು ತಂತಿಗಳ ಶ್ರುತಿ ಮೂರನೆಯದಕ್ಕಿಂತ ಕೆಳಗೇಕೆ? ತೆಳು ತಂತಿ ಹಾಕಿ ಮೇಲೇರಿಸಬಹುದೆ?

ದಯವಿಟ್ಟು ಏರಿಸಬೇಡಿ. ಎಷ್ಟೇ ತೆಳು ತಂತಿ ಹಾಕಿದರೂ ಕಡಿಯುತ್ತದೆ.

ತಂತಿ ತೆಳುವಾದಷ್ಟೂ ಅದೇ ಸ್ವರಕ್ಕೆ ಕಡಿಮೆ ಬಿಗಿತ ಸಾಕು, ನಿಜ. ಆದರೆ ಅದರ ತಾಳಿಕೆಯೂ ಅಷ್ಟೇ ಕುಗ್ಗುತ್ತದೆ. ಹಾಗಾಗಿ ದಪ್ಪ ಲೆಕ್ಕಕ್ಕೇ ಬರುವುದಿಲ್ಲ. ಉಳಿಯುವುದು ಉದ್ದ ಮತ್ತು ಸ್ವರದ ಆವರ್ತನ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯಲ್ಲಿ ಮೀಟರ್ ಲೆಕ್ಕದ ಉದ್ದವನ್ನು ಹರ್ಟ್ಸ್ ಲೆಕ್ಕದ ಆವರ್ತನದಿಂದ ಗುಣಿಸಿ ನೋಡಿ. ಸುಮಾರು 250–260ರ ಹತ್ತಿರ ತಂತಿ ಕಡಿಯುತ್ತದೆ. ನಾನು 220 ದಾಟುವುದಿಲ್ಲ.

ನಿಮ್ಮ ವಾದ್ಯದಲ್ಲಿ ಮೆಟ್ಟಿಲುಗಳ ಮೇಲಿನ ತಂತಿ 82 ಸೆಂ.ಮೀ. ಎಂದಿದ್ದೀರಿ. ಮೊದಲ ತಂತಿಯನ್ನು ಮೇಲಿನ 'ಎ'ಗೆ, ಅಂದರೆ 440ಕ್ಕೆ ಎಳೆದರೆ 361. ಆಗದ ಮಾತು. ಎರಡನೆಯದನ್ನು 330ರ 'ಇ'ಗೆ ಎಳೆದರೆ 271, ಅದೂ ಆಗದು. ಮೂರನೆಯದರ 'ಬಿ' 247. ಗುಣಿಸಿದರೆ 203, ನಿಶ್ಚಿಂತೆ. ಮೊದಲೆರಡನ್ನು ಒಂದು ಸ್ಥಾಯಿ ಇಳಿಸಿದ್ದು ಇದಕ್ಕೇ. ಚಿಕ್ಕ ಥಿಯೋರ್ಬೊಗಳಲ್ಲಿ ಮೊದಲನೆಯದನ್ನಷ್ಟೇ ಇಳಿಸುವುದೂ ಉಂಟು.

ಹಾಗಾದರೆ ವಾದ್ಯವನ್ನು ಇಷ್ಟು ದೊಡ್ಡದು ಮಾಡಿದ್ದೇಕೆ? 16ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಹಾಡುವವರ ಜೊತೆಗೆ ತುಂಬು ಮಂದ್ರ ಬೇಕಾಯಿತು. ಲೋಹ ಸುತ್ತಿದ ತಂತಿ ಬಂದದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿಯವರೆಗೆ ಬರೀ ಕರುಳು, ಅದು ದಪ್ಪವಾದರೆ ನಾದ ಮಂಕು. ಉದ್ದ ಇಮ್ಮಡಿಸಿದರೆ ಅದೇ ಸ್ವರ, ಅದೇ ಬಿಗಿತಕ್ಕೆ ಅರ್ಧ ದಪ್ಪ ಸಾಕು. ಆದ್ದರಿಂದಲೇ ಕುತ್ತಿಗೆಗೆ ಮತ್ತೊಂದು ಕುತ್ತಿಗೆ. ಕತ್ತು ಉದ್ದ ಮಾಡಿಸಿದವರಲ್ಲಿ ತಾನೇ ಮೊದಲಿಗ ಎಂದು ಇಟಲಿಯ ವಾದಕ ಅಲೆಸ್ಸಾಂಡ್ರೊ ಪಿಚ್ಚಿನೀನಿ 1623ರಲ್ಲಿ ಬರೆದುಕೊಂಡಿದ್ದಾನೆ. ಆ ಉದ್ದದ ತಂತಿಗಳಿಗೆ ಮೆಟ್ಟಿಲಿಲ್ಲ. ಕೃತಿ ಬದಲಾದಂತೆ 'ಎಫ್' ಬೇಕೋ 'ಎಫ್ ಶಾರ್ಪ್' ಬೇಕೋ ನೋಡಿಕೊಂಡು ಮೊದಲೇ ಶ್ರುತಿ ಮಾಡಿಕೊಳ್ಳಬೇಕು.

ಕೆಳಗಿಳಿದ ಆ ಎರಡು ತಂತಿಗಳನ್ನು ಕೊರತೆ ಎನ್ನಬೇಡಿ. ಎಡಗೈ ಮುಟ್ಟದೆಯೇ 5, 2, 4, 1, 3 ಈ ಕ್ರಮದಲ್ಲಿ ಮೀಟಿ: ಡಿ, ಇ, ಜಿ, ಎ, ಬಿ. 'ಜಿ'ಯನ್ನು ಷಡ್ಜವೆಂದುಕೊಂಡರೆ ಪ ದ ಸ ರಿ ಗ, ಅಪ್ಪಟ ಮೋಹನದ ಸ್ವರಗಳು! ಪಕ್ಕಪಕ್ಕದ ಸ್ವರಗಳು ಬೇರೆಬೇರೆ ತಂತಿಯಲ್ಲಿರುವುದರಿಂದ ಒಂದರ ನಾದ ಆರುವ ಮೊದಲೇ ಇನ್ನೊಂದು ಅದರ ಮೇಲೆ ಹರಡುತ್ತದೆ. ಆ ಕಾಲದ ಥಿಯೋರ್ಬೊ ವಾದಕ, ರಚನಕಾರ ಕಾಪ್ಸ್‌ಬೆರ್ಗರ್ ಇದನ್ನು ಬಳಸಿಕೊಂಡ ಪರಿ ನನಗೆ ಇವತ್ತಿಗೂ ಬೆರಗು.

ಕರುಳಿನ ಬದಲು ನೈಲ್‌ಗಟ್ (ಕರುಳನ್ನು ಹೋಲುವ ಕೃತಕ ತಂತಿ) ಹಾಕಿದರೂ ಲೆಕ್ಕ ಹೆಚ್ಚೇನೂ ಬದಲಾಗದು. ಉಕ್ಕಿನ ತಂತಿ ಮಾತ್ರ ಬೇಡವೇ ಬೇಡ. ತಂತಿ ಕಟ್ಟುವ ಬ್ರಿಡ್ಜನ್ನು ಅಂಟಿಸಿರುವುದು ತೀರಾ ತೆಳು ಹಲಗೆಗೆ, ಕಿತ್ತು ಬಂದೀತು.